ಗೇರ್ ಮೇಷ್ಟ್ರ ಕೋಪ
ನಮಗೆ ಬೈಕ್ ಕಲಿಸುತ್ತಿದ್ದ ಗೇರ್ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಮೈದಾನದ ತಿರುವಿನಲ್ಲಿ ನಿಂತು ಅವರು ಕೂಗಿದರೆ ಕಾಗೆಗಳೂ ಜಾಗ ಖಾಲಿ ಮಾಡುತ್ತಿದ್ದವು. “ತಿರುವಿಗೆ ಮುಂಚೆ ಗೇರ್ ಇಳಿಸ್ರೀ! ತಿರುಗ್ತಾ ಇಳಿಸಿದ್ರೆ ಚಕ್ರ ಜಾರತ್ತೆ. ಕ್ಲಚ್ ಹಿಡೀರಿ, ಚೂರು ರೇಸ್ ಕೊಡಿ, ಗೇರ್ ಇಳಿಸಿ, ಕ್ಲಚ್ ಮೆತ್ತಗೆ ಬಿಡಿ. ಮೆತ್ತಗೆ ಅಂದೆ!” ಬ್ಯಾಂಕಿನ ಮ್ಯಾನೇಜರಾದರೂ ಸರಿ, ಸ್ವಂತ ಭಾವಮೈದನಾದರೂ ಸರಿ, ಬೈಗುಳದಲ್ಲಿ ಭೇದವಿರಲಿಲ್ಲ. ಕೊನೆಯ ಪರೀಕ್ಷೆಗೆ ತಾವೇ ಹಿಂದೆ ಕೂರುತ್ತಿದ್ದರು. ಗೇರ್ ಇಳಿಸುವಾಗ ಬೈಕ್ ಜಗ್ಗಿ ಅವರ ಹೆಲ್ಮೆಟ್ ನಮ್ಮದಕ್ಕೆ ಟಕ್ಕೆಂದು ಬಡಿದರೆ ಮುಗಿಯಿತು, ಅಲ್ಲೇ ಇಳಿದು, “ಹಿಂದೆ ಕೂತಿರೋದು ಮನುಷ್ಯ ಕಣ್ರೀ, ಮೂಟೆ ಅಲ್ಲ!” ಎಂದು ಉರಿದುಬಿದ್ದು, ನಡೆದೇ ವಾಪಸ್ಸಾಗುತ್ತಿದ್ದರು. ಎಷ್ಟೋ ಸಲ ಹಾಗೆ ಬೈಸಿಕೊಂಡ ನಾನು ಕೊನೆಗೊಂದು ದಿನ ಹೆಲ್ಮೆಟ್ ತಾಗದಂತೆ ಓಡಿಸಿದೆ. ಹೊಗಳುತ್ತಾರೆಂದುಕೊಂಡರೆ, ಮುಖ ಗಂಟಿಕ್ಕಿಕೊಂಡೇ ಗೇಟಿನ ಕಡೆ ಕೈ ತೋರಿಸಿದರು. ಅಲ್ಲಿ ಅವರ ಹೆಂಡತಿ ಊರುಗೋಲು ಹಿಡಿದು ನಿಂತಿದ್ದರು. “ಇವಳನ್ನ ಒಂದು ಸುತ್ತು ಕರ್ಕೊಂಡು ಹೋಗಮ್ಮ,” ಎಂದರು. “ನೀವೇ ಕರ್ಕೊಂಡು ಹೋಗ್ಬಹುದಲ್ಲ ಸಾರ್?” ಎಂದೆ. ಉತ್ತರ ಕೊಟ್ಟವರು ಆಕೆ: “ತಿರುವಲ್ಲಿ ನನ್ನ ಬೀಳಿಸಿದ್ದು ಇವರೇ ಕಣಮ್ಮ. ಆಮೇಲೆ ಇವರ ಹಿಂದೆ ನಾನು ಕೂತಿಲ್ಲ.” ಅವರನ್ನು ಕೂರಿಸಿಕೊಂಡು ಹೊರಟೆ. ತಿರುವು ಹತ್ತಿರವಾದಂತೆ ಅವರ ಕೈ ನನ್ನ ಹೆಗಲನ್ನು ಬಿಗಿಯಾಗಿ ಹಿಡಿಯಿತು. ಗೇರ್ ಇಳಿಸುತ್ತಾ ಮುಂದೆ ನೋಡಿದೆ. ಮೈದಾನಕ್ಕೆ ಅಡ್ಡ ಹಾಯ್ದು ನಮಗಿಂತ ಮೊದಲೇ ಅಲ್ಲಿಗೆ ಓಡಿಬಂದಿದ್ದ ಮೇಷ್ಟ್ರು, ಎರಡೂ ಕೈಗಳಿಂದ ತಮ್ಮ ಬಾಯಿ ಮುಚ್ಚಿಕೊಂಡು ನಿಂತಿದ್ದರು.