ಸೂಜಿಗೆ ಮೊದಲು ಕೊಟ್ಟ ಬನ್ಸ್

ತೋಳಿನ ಚರ್ಮದಡಿ ಕೂಡಿಸುವ ಗರ್ಭನಿರೋಧಕ ಕಡ್ಡಿಯಿಂದ ರಕ್ತದ ಕೊಬ್ಬಿನಂಶ ಏರುತ್ತದೆಯೇ ಎಂದು ಪುಣೆಯ ನಮ್ಮ ಕೇಂದ್ರ ವರ್ಷಗಟ್ಟಲೆ ನಡೆಸಿದ ಅಧ್ಯಯನದಲ್ಲಿ ಅಚ್ಚಾದದ್ದು ವೈದ್ಯರ ಹೆಸರುಗಳು. ಆ ಅಂಕಿಗಳನ್ನು ನಂಬಲರ್ಹವಾಗಿಸಿದವರು ಆರೋಗ್ಯ ಕಾರ್ಯಕರ್ತೆ ಶ್ರೀಮತಿ ಹರಿಣಾಕ್ಷಿಯವರು. ಅಲ್ಲವೆನ್ನುವವರೊಡನೆ ನಾವು ಜಗಳಕ್ಕೂ ಸಿದ್ಧ.

೧೯೯೪ರಲ್ಲಿ ಅವರನ್ನು ನೇಮಿಸಿಕೊಂಡದ್ದು ಕನ್ನಡ, ಮರಾಠಿ ಎರಡೂ ಬಲ್ಲವರೆಂದು. ಊರಂಚಿನ ಕಾತ್ರಜದ ಕಟ್ಟಡ ಕೆಲಸಗಳಿಂದ ಕಲಬುರಗಿ ಕಡೆಯ ಹೆಂಗಸರು ಬೆಳಗಾಗುತ್ತಲೇ, ಪರೀಕ್ಷೆಯ ನಿಯಮದಂತೆ ಖಾಲಿ ಹೊಟ್ಟೆಯಲ್ಲಿ ಬಂದು, ರಕ್ತ ಕೊಡಲು ಸಾಲಿನಲ್ಲಿ ಕೂರುತ್ತಿದ್ದರು. ಸಾಲಿನ ಕೊನೆಯವರ ಬಾಡಿದ ಮುಖ ಹರಿಣಾಕ್ಷಿಯವರಿಂದ ನೋಡಲಾಗುತ್ತಿರಲಿಲ್ಲ. ಅಣ್ಣ ರಘುರಾಮರ ಹೋಟೆಲಿನಿಂದ ಎಣ್ಣೆಯಲ್ಲಿ ಕರಿದ ಕರಾವಳಿಯ ಬಿಸಿ ಬನ್ಸ್, ಚಹಾ ತರಿಸಿ ಸೂಜಿಗೆ ಮೊದಲೇ ಸದ್ದಿಲ್ಲದೆ ಕೊಡತೊಡಗಿದರು. ಒಂದು ಬನ್ಸಿನಿಂದ ಏನಾದೀತು ಎಂದುಕೊಂಡಿದ್ದರು, ಪಾಪ.

ಕಡ್ಡಿ ಕೂಡಿಸಿದ ಆರು ತಿಂಗಳಿಗೆ, ಆ ಸಾಲಿನಲ್ಲಿ ಕೂರುತ್ತಿದ್ದ ಭಾಗ್ಯಾಳ ವರದಿ ಬಂತು. ಮೊದಲು ಸರಿಯಿದ್ದ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನಂಶ ಈಗ ವಿಪರೀತ ಏರಿತ್ತು. ಕಡ್ಡಿ ತೆಗೆಯಬೇಕೆಂದರು ಅಧ್ಯಯನದ ವೈದ್ಯ ಡಾ. ಪೃಥ್ವಿರಾಜ್. ನಾಲ್ಕು ಹೆರಿಗೆಯಲ್ಲಿ ಸೊರಗಿದ್ದ ಭಾಗ್ಯಾ ಹರಿಣಾಕ್ಷಿಯವರ ಕೈ ಹಿಡಿದಳು.

"ತೆಗಸಬ್ಯಾಡ್ರಿ ಅಕ್ಕಾರ. ಮತ್ತ ಬಸರಾದ್ರ ನಾ ಉಳಿಯಂಗಿಲ್ರಿ."

"ರಕ್ತ ಕೊಟ್ಟ ದಿನ ಬೆಳಿಗ್ಗೆ ಎಂತದಾದರೂ ತಿಂದಿದ್ದಿಯಾ?"

"ನೀವ ಕೊಟ್ಟಿದ್ರೆಲ್ರಿ, ಬನ್ಸು."

ತಿಂದ ಮೇಲೆ ಈ ಕೊಬ್ಬಿನಂಶ ಏರುತ್ತದೆ, ಅಂಕಿ ಏರಿಸಿದ್ದು ತನ್ನ ಬನ್ಸೇ ಎಂದು ಹರಿಣಾಕ್ಷಿಯವರಿಗೆ ಹೊಳೆಯಿತು. ಬಾಯಿ ಮುಚ್ಚಿಕೊಂಡಿದ್ದರೆ ಕೆಲಸ ಉಳಿಯುತ್ತಿತ್ತು, ಭಾಗ್ಯಾಳ ಕಡ್ಡಿ ಹೋಗುತ್ತಿತ್ತು. ಅವರು ನೇರ ವೈದ್ಯರ ಕೋಣೆಗೆ ನಡೆದರು.

"ತಪ್ಪು ನನ್ನದು ಡಾಕ್ಟ್ರೇ. ಅವಳ ಕಡ್ಡಿಯದ್ದಲ್ಲ, ನನ್ನ ಬನ್ಸಿನದ್ದು."

ಬನ್ಸ್ ತಿಂದವರೆಲ್ಲರ ವರದಿ ರದ್ದಾಯಿತು. ಅವರೆಲ್ಲರ ರಕ್ತವನ್ನು ಖಾಲಿ ಹೊಟ್ಟೆಯಲ್ಲಿ ಮತ್ತೆ ತೆಗೆಯಬೇಕಾಯಿತು. ಭಾಗ್ಯಾಳ ಅಂಕಿ ಮೊದಲಿನ ಮಟ್ಟಕ್ಕೇ ಬಂತು, ಕಡ್ಡಿ ಅವಳ ತೋಳಿನಲ್ಲೇ ಉಳಿಯಿತು. ಹರಿಣಾಕ್ಷಿಯವರ ಕೆಲಸವೂ ಉಳಿಯಿತು, ಒಂದು ಷರತ್ತಿನ ಮೇಲೆ: ಬನ್ಸ್ ನಿಲ್ಲಕೂಡದು, ಆದರೆ ಸೂಜಿಯ ನಂತರ. ಅಂದಿನಿಂದ ಹದಿನಾಲ್ಕು ವರ್ಷ ಅವರು ಪ್ರತಿಯೊಬ್ಬಳನ್ನೂ "ಎಂತ ತಿಂದಿದ್ದಿ?" ಎಂದು ಕೇಳದೆ ಒಳಗೆ ಬಿಟ್ಟಿಲ್ಲ. ಆ ಬೆಳಗುಗಳ ಏಲಕ್ಕಿ ಚಹಾದ ವಾಸನೆ ನೆನೆದರೆ ಇಂದಿಗೂ ಮನಸ್ಸು ತುಂಬಿ ಬರುತ್ತದೆ.

ಅವರ ನಿವೃತ್ತಿಯ ಸುದ್ದಿ ಕೇಳಿ ಕಳೆದ ವಾರ ಭಾಗ್ಯಾ ಬಂದಿದ್ದಳು, ಕೈಯಲ್ಲಿ ಸಜ್ಜೆರೊಟ್ಟಿ, ಶೇಂಗಾ ಚಟ್ನಿಯ ಗಂಟು. ಹರಿಣಾಕ್ಷಿಯವರು ಅಭ್ಯಾಸಬಲದಿಂದ ಬಾಗಿಲಲ್ಲೇ ಕೇಳಿದರು, "ಎಂತ ತಿಂದಿದ್ದಿ?"

"ಇನ್ನ ಏನೂ ತಿಂದಿಲ್ರಿ. ನಿಮ್ಮ ಜೋಡಿ ಉಣ್ಣಾಕ ಬಂದೀನಿ."

ಅವರಿಗೆ ದೀರ್ಘಾಯುಷ್ಯ, ಒಳ್ಳೆಯ ಆರೋಗ್ಯ ಒದಗಲಿ. ಅವರ ಪಂಕ್ತಿಯಲ್ಲಿ ಹಸಿದು ಬಂದವರಿಗೆ ಸದಾ ಜಾಗವಿರಲಿ.