ಹಿಟ್ಟು ಮೆತ್ತಿದ ಬೆರಳಿನ ಪರೀಕ್ಷೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇಕರಿಯ ಹಿಂಬಾಗಿಲಲ್ಲಿ ವ್ಯಾನುಗಳು ಸಾಲಾಗಿ ನಿಂತಿವೆ. ಬಾಗಿಲ ಪಕ್ಕದ ಮೇಜಿನ ಮೇಲೊಂದು ಟಚ್ ಸ್ಕ್ರೀನ್ ಕಂಪ್ಯೂಟರ್. ಅದರ ಮುಂದೆ ನಿಂತ ಮಹಿಳೆ ಮೈದಾ ಚೀಲಕ್ಕೆ ಬೆರಳದ್ದಿ ಪರದೆ ಒತ್ತುತ್ತಾರೆ. ಬೆರಳನ್ನು ಏಪ್ರನ್ನಿಗೆ ಒರೆಸಿ ಮತ್ತೊಮ್ಮೆ ಒತ್ತುತ್ತಾರೆ. ಮತ್ತೆ ಹಿಟ್ಟು, ಮತ್ತೆ ಪರದೆ. ನೋಡಿದವರಿಗೆ ಇವರ ತಲೆ ಸರಿಯಿಲ್ಲ ಅನ್ನಿಸಬೇಕು. ಇದನ್ನು ಬರೆಯಲೆಂದು ಬಂದ ನನಗಂತೂ ಅನ್ನಿಸಿತು.

ಇವರು ಬೇಕರಿಯವರಲ್ಲ. ವ್ಯಾಪಾರಸ್ಥರಿಗೆ ಕಂಪ್ಯೂಟರನ್ನೂ ಅದರೊಳಗಿನ ತಂತ್ರಾಂಶವನ್ನೂ ಸೇರಿಸಿ ಮಾರುವ ಸಣ್ಣ ಕಂಪನಿಯೊಂದರ ಟೆಸ್ಟರ್. ಪ್ರೋಗ್ರಾಂ ಬರೆಯುವವರು ಬರೆದು ಕೈತೊಳೆದುಕೊಂಡ ಮೇಲೆ ಅದು ಎಲ್ಲೆಲ್ಲಿ ಎಡವುತ್ತದೆ ಎಂದು ಹುಡುಕುವುದು ಇವರ ಕೆಲಸ. ಆಫೀಸಿನಲ್ಲಿ ಇವರಿಗೆ ತಕರಾರಮ್ಮ ಎಂದೇ ಹೆಸರು. ಎದುರಿಗೇ ಹಾಗೆ ಕರೆಯುತ್ತಾರೆ, ಇವರೂ ಓಗೊಡುತ್ತಾರೆ. ಮನೆಯಲ್ಲಿ ಅತ್ತೆಯ ಅನುಮಾನವೇ ಬೇರೆ: "ಕಂಪ್ಯೂಟರ್ ಕೆಲಸ ಅಂತೀಯ, ಬಟ್ಟೆ ತುಂಬ ಹಿಟ್ಟು ಯಾಕಮ್ಮ?"

ಹಿಟ್ಟಿಗೆ ಕಾರಣವಿದೆ. ಅಂಗಡಿಗಳ ಆರ್ಡರ್ ಒತ್ತಿ ಕಳಿಸುವ ಈ ಯಂತ್ರ ಬಂದಾಗಿನಿಂದ ಕೆಲವು ಅಂಗಡಿಗಳಿಗೆ ಎರಡರಷ್ಟು ಬ್ರೆಡ್ ಹೋಗತೊಡಗಿತು, ಕೊನೆಯ ಅಂಗಡಿಗಳ ಕಪಾಟು ಖಾಲಿ ಉಳಿಯಿತು. ದೂರು ಹೋದಾಗ ಕಂಪನಿಯಿಂದ ಬಂದ ಉತ್ತರ ಒಂದೇ ಸಾಲಿನದು: ಯಂತ್ರ ಸರಿಯಿದೆ, ಒತ್ತುವವರೇ ಎರಡು ಸಲ ಒತ್ತುತ್ತಿದ್ದಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!

ಒತ್ತುತ್ತಿದ್ದವರು, ಬೇಕರಿಯಲ್ಲಿ ಎಲ್ಲರೂ ದೊಡ್ಡಣ್ಣ ಎನ್ನುವ ಹಳೆಯ ಕೆಲಸಗಾರ. ಬೇಕರಿಯ ಯಜಮಾನಿ ಪರೀಕ್ಷೆಗೆಂದು ತಾವೇ ಒಂದು ವಾರ ಯಂತ್ರದ ಮುಂದಿನ ಕುರ್ಚಿಯಲ್ಲಿ ಕುಳಿತರು. ಒಂದೂ ತಪ್ಪಾಗಲಿಲ್ಲ. ದೊಡ್ಡಣ್ಣನನ್ನು ಟ್ರೇ ತೊಳೆಯುವ ತೊಟ್ಟಿಯ ಕಡೆ ಕಳಿಸಲಾಯಿತು. ಅವರು ಜಗಳವಾಡಲಿಲ್ಲವಂತೆ, ಕೇಳಿದ ನನಗೆ ಅದೇ ಹೆಚ್ಚು ನೋವೆನಿಸಿದ್ದು.

"ಮಿಷನ್ ಎಲ್ಲಾದ್ರೂ ತಪ್ಪು ಮಾಡುತ್ತಾ?" ಎನ್ನುತ್ತಾರೆ ಅವರು. "ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ನನಗೆ ಗಾದೆಗಿಂತ ಮೊದಲೇ ಬಂದುಬಿಡ್ತು ಅಂದ್ಕೊಂಡೆ. ಮನೆಗೆ ಬೀಗ ಹಾಕಿ ಅರ್ಧ ದಾರಿ ಹೋದ್ಮೇಲೆ ತಿರುಗಿ ಬಂದು ಎಳೆದು ನೋಡ್ತಿದ್ದೆ. ಹೆಂಡತಿ ಒಲೆ ಆರಿಸೋ ಕೆಲಸ ನನ್ನಿಂದ ತಗೊಂಡ್ಳು."

ಅಷ್ಟರಲ್ಲಿ ಇನ್ನೊಂದು ಬೇಕರಿಯಿಂದಲೂ ಅದೇ ದೂರು ಬಂತು. ಕಂಪ್ಯೂಟರಿನ ಪೆಟ್ಟಿಗೆಯೇನೋ ಗಟ್ಟಿ, ಧೂಳಿಗೂ ಬಿಸಿಗೂ ಜಗ್ಗುವುದಿಲ್ಲ. ಆದರೆ ಊರಿನ ವ್ಯಾಪಾರಸ್ಥರು ಒಳಗಿನ ತಂತ್ರಾಂಶ ಬೇರೆ, ಪೆಟ್ಟಿಗೆ ಬೇರೆ ಎಂದು ಬಿಡಿಸಿ ನೋಡುವುದಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬೀಳುವುದೇ. "ಆ ಡಬ್ಬ ಸುಳ್ಳು ಹೇಳುತ್ತೆ" ಎಂಬ ಮಾತು ಅಂಗಡಿಯಿಂದ ಅಂಗಡಿಗೆ ಹಬ್ಬಿತು. ತಕರಾರಮ್ಮ ಬೇಕರಿಗೆ ಬಂದು ನಿಂತದ್ದು ಆಗ.

ಮೊದಲ ಬೆಳಗ್ಗೆಯೇ ಅವರು ಕೆಲಸಗಾರರ ಕೈ ನೋಡಿದರು. ಹಿಟ್ಟು ಮುಟ್ಟಿ, ಟ್ರೇ ಸರಿಪಡಿಸಿ, ಅದೇ ಕೈಯಲ್ಲಿ ಪರದೆ ಒತ್ತುತ್ತಾರೆ. ಹಿಟ್ಟಿನ ಬೆರಳಿಗೆ ಪರದೆ ಒಮ್ಮೊಮ್ಮೆ ಕದಲುವುದಿಲ್ಲ. ಹಾಗಾಗಿ ಒತ್ತುವುದು, ಒರೆಸುವುದು, ಮತ್ತೆ ಒತ್ತುವುದು ಇಲ್ಲಿ ಎಲ್ಲರ ರೂಢಿ. ಮೊದಲನೆಯದು ತಾಗಿದ್ದರೂ ಪ್ರೋಗ್ರಾಂ ಬಾಯಿ ಬಿಡುತ್ತಿರಲಿಲ್ಲ. ಎರಡನೆಯದನ್ನು ಹೊಸ ಆರ್ಡರ್ ಎಂದುಕೊಂಡು ವ್ಯಾನಿಗೆ ಬ್ರೆಡ್ ತುಂಬಿಸುವ ಚೀಟಿಯನ್ನು ಒಳಕೋಣೆಯಲ್ಲಿ ಇನ್ನೊಮ್ಮೆ ಮುದ್ರಿಸುತ್ತಿತ್ತು. ಹಿಟ್ಟು ಮುಟ್ಟದ ಯಜಮಾನಿಯ ಕೈ ಚೊಕ್ಕಟವಾಗಿತ್ತು, ಅಷ್ಟೆ.

"ಇದನ್ನ ಪಾಸ್ ಮಾಡಿದ್ದು ನಾನೇ," ಎನ್ನುತ್ತಾರೆ ತಕರಾರಮ್ಮ. "ಆಫೀಸಲ್ಲಿ ಕೂತು ತೊಳೆದ ಕೈಲಿ ಒತ್ತಿ ನೋಡಿದ್ದೆ. ಒಂದೇ ಸಲಕ್ಕೆ ಹೋಗ್ತಿತ್ತು. ಬೇಕರಿಯಲ್ಲಿ ಯಾರ ಕೈ ತೊಳೆದಿರುತ್ತೆ ಹೇಳಿ? ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗಾಯ್ತು ನಮ್ಮ ಕಥೆ."

ತಪ್ಪು ನಮ್ಮದೆಂದು ಬೇಕರಿಗೆ ಹೇಳೋಣ ಎಂದು ಇವರು ಅಂದಾಗ ಕಂಪನಿಯ ಮ್ಯಾನೇಜರ್ ತಡೆದರಂತೆ. "ಒಪ್ಕೊಂಡ್ರೆ ಕಂಪನಿ ಹೆಸರು ಕೆಡುತ್ತಮ್ಮ."

"ಕೆಡೋಕೆ ಉಳಿದಿದ್ರೆ ತಾನೇ ಸರ್?" ಎಂದು ಕೇಳಿ ಇವರು ನೇರ ಯಜಮಾನಿಯ ಬಳಿ ಬಂದು ಹೇಳಿಬಿಟ್ಟರು. ಯಜಮಾನಿ ಸಿಟ್ಟಿನಿಂದ ಒಂದು ಅವಕಾಶ ಕೊಟ್ಟರು: ತಿದ್ದಿದ ತಂತ್ರಾಂಶ ಹಾಕಿ, ದೊಡ್ಡಣ್ಣನೇ ಕೂರಲಿ. ಒಂದು ವ್ಯಾನ್ ತಪ್ಪಿದರೂ ಡಬ್ಬ ವಾಪಸ್, ದೊಡ್ಡಣ್ಣ ತೊಟ್ಟಿಗೆ.

ಆ ಪರೀಕ್ಷೆಯ ಬೆಳಗ್ಗೆ ಇವತ್ತು. ತಕರಾರಮ್ಮ ಪಕ್ಕಕ್ಕೆ ಸರಿದು ಕುರ್ಚಿ ಎಳೆದು ಕೊಡುತ್ತಾರೆ. ದೊಡ್ಡಣ್ಣ ಕೂರಲು ಹಿಂಜರಿಯುತ್ತಾರೆ, ಕೈ ತೊಳೆದು ಬರುತ್ತೇನೆ ಎನ್ನುತ್ತಾರೆ.

"ತೊಳೀಬೇಡಿ ಅಣ್ಣ. ಯಾವಾಗ್ಲೂ ಮಾಡೋ ಹಾಗೇ ಮಾಡಿ."

ಅವರು ಒತ್ತುತ್ತಾರೆ, ಒರೆಸಿಕೊಳ್ಳುತ್ತಾರೆ, ಮತ್ತೆ ಒತ್ತುತ್ತಾರೆ. ಪರದೆಯ ಮೇಲೆ ದಪ್ಪ ಅಕ್ಷರ: "ಈ ಆರ್ಡರ್ ಆಗಲೇ ಹೋಗಿದೆ." ಒಳಗಿನಿಂದ ಯಜಮಾನಿಯ ದನಿ: "ಒಂದೇ ಚೀಟಿ!" ಹೀಗೇ ಒಂದೊಂದಾಗಿ ವ್ಯಾನುಗಳು ಹೊರಡುತ್ತವೆ. ಕೊನೆಯದೂ ಹೊರಟ ಮೇಲೆ ಯಜಮಾನಿ ಹೊರಗೆ ಬರುತ್ತಾರೆ. "ಡಬ್ಬ ಇಲ್ಲೇ ಇರ್ಲಿ. ದೊಡ್ಡಣ್ಣ, ನೀವೂ ಅಲ್ಲೇ ಇರಿ." ಕ್ಷಮೆಯ ಮಾತು ಅಷ್ಟರಲ್ಲೇ ಮುಗಿಯುತ್ತದೆ. ದೊಡ್ಡಣ್ಣ ತಲೆಯಾಡಿಸಿ ಪರದೆಯನ್ನೇ ನೋಡುತ್ತಾ ಕೂತಿದ್ದಾರೆ, ಕಣ್ಣು ತುಂಬಿದೆ.

ಕಂಪನಿಯ ಹೆಸರು ಉಳಿಯಿತಲ್ಲ ಎಂದು ನಾನು ತಕರಾರಮ್ಮನನ್ನು ಕೇಳುತ್ತೇನೆ. ಅವರು ಚೀಲ ಹೆಗಲಿಗೆ ಹಾಕಿಕೊಳ್ಳುತ್ತಾರೆ.

"ಅದು ನಿಧಾನಕ್ಕೆ ಉಳಿಯುತ್ತೆ ಬಿಡಿ. ನನಗೆ ಬೇಕಾಗಿರೋದು ಒಂದೇ. ಇವತ್ತು ಇವರು ಮನೆಗೆ ಹೋಗಿ 'ನನಗೇನೂ ಆಗಿಲ್ಲ ಕಣೇ' ಅಂತ ಹೆಂಡತಿಗೆ ಹೇಳ್ಬೇಕು. ಹೇಳಿದ್ರೋ ಇಲ್ವೋ ಅಂತ ನಾಳೆ ಬಂದು ಕೇಳ್ತೀನಿ. ಅದನ್ನೂ ಚೆಕ್ ಮಾಡ್ದೆ ನಾನು ಪಾಸ್ ಮಾಡಲ್ಲ."