ವೈಜಿನಾಥನ ಎಡಗಡೆಯ ಜಾಗ

ಕಲ್ಯಾಣಿಯ ಕೋಟೆಯ ಕೆಳಗೆ ಕುಲುಮೆ ಇಟ್ಟಿದ್ದ ವೈಜಿನಾಥನಿಗೆ ಬೆಂಕಿಯ ಮುಂದೆ ಕೂತರೆ ಲೋಕದ ಪರಿವೆಯೇ ಇರುತ್ತಿರಲಿಲ್ಲ. ಕಬ್ಬಿಣ ಮೊದಲು ದಾಸವಾಳದ ಬಣ್ಣಕ್ಕೆ, ಆಮೇಲೆ ಮಾಗಿದ ಮಾವಿನ ಬಣ್ಣಕ್ಕೆ ತಿರುಗುವುದನ್ನು ಬಾಯಿ ತೆರೆದು ನೋಡುತ್ತ ಕೂತುಬಿಡುವ ಆಸಾಮಿ. ಇಂಥವನ ಕುಲುಮೆ ನಡೆದದ್ದು, ಸುಳ್ಳು ಯಾಕೆ ಹೇಳಲಿ, ಅವನ ಹೆಂಡತಿ ಸರುಬಾಯಿಯಿಂದ. ಹದಿನೈದು ವರ್ಷ ಅವನ ಎಡಗಡೆ ಕೂತು ತಿದಿ ಒತ್ತಿದವಳು ಅವಳು. "ಏಳ್ರೀ, ಕಬ್ಬಿಣ ಸುಟ್ಟು ಹೋಗಾಕತ್ತದ, ಕನಸು ಸಾಕು" ಎಂದು ಅವಳು ಗದರಿದಾಗಲೇ ಅವನ ಸುತ್ತಿಗೆ ಮೇಲೇಳುತ್ತಿತ್ತು.

ಮೂವತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಸರುಬಾಯಿಗೆ ಕೆಮ್ಮು ಹತ್ತಿತು. ಎಂಥ ಕೆಮ್ಮು ಅಂತೀರಿ! ಒಂದು ನೇಗಿಲ ಕುಳ ಕಾಯುವಷ್ಟರಲ್ಲಿ ಮೂರು ಸಲ ತಿದಿ ಬಿಟ್ಟು ಹೊರಗೆ ಓಡುವಳು. ಹಕೀಮರು ನಾಡಿ ಹಿಡಿದು, ಇದ್ದಿಲ ಹೊಗೆಯಲ್ಲಿ ಕೂತರೆ ಈಕೆ ಉಳಿಯುವುದಿಲ್ಲ ಎಂದರು. ನಾಗರ ಪಂಚಮಿ ಹಬ್ಬಕ್ಕೆ ಕರೆಯಲು ಘಾಟಬೋರಾಳದಿಂದ ಅವಳ ತಮ್ಮ ಮಾಣಿಕಪ್ಪ ಗಾಡಿ ಕಟ್ಟಿಕೊಂಡು ಬಂದ.

"ಭಾವ, ಈ ಸಲ ಅಕ್ಕನ್ನ ತಿರುಗಿ ಕಳಸಂಗಿಲ್ಲ ನೋಡ್ರಿ. ನಿಮ್ಮ ಕುಲುಮಿ, ನಿಮ್ಮ ಹೊಗಿ ನೀವೇ ಇಟ್ಕೋರಿ" ಎಂದ.

ಗಾಡಿ ಹತ್ತುವ ಮುಂದೆ ಸರುಬಾಯಿ ತಿದಿಯ ಹಿಡಿಕೆಗೆ ತಾನು ಸುತ್ತಿದ್ದ ಅರಿವೆಯನ್ನು ಬಿಚ್ಚಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಹುಮನಾಬಾದಿನಲ್ಲಿ ಬಸ್ಸು ರಿಪೇರಿ ಮಾಡುವ ಬದ್ರುದ್ದೀನನ ಕೈಯಲ್ಲಿ ಗ್ಯಾಸಿನ ನೀಲಿ ಉರಿಯನ್ನು ವೈಜಿನಾಥ ಹಿಂದೊಮ್ಮೆ ನೋಡಿದ್ದ. ಇದ್ದಿಲಿಲ್ಲ, ಹೊಗೆಯಿಲ್ಲ, ಅಗಸೆ ಹೂವಿನಷ್ಟು ನೀಲಿ. ಅಂದಿನಿಂದ ಆ ಉರಿ ಅವನ ಕನಸಿನಲ್ಲಿ ಬಂದು ಬಂದು ಹೋಗುತ್ತಿತ್ತು. ಬದ್ರುದ್ದೀನನ ಹತ್ತಿರ ಮಾರಲಿಕ್ಕೆ ಎರಡು ಸಣ್ಣ ವೆಲ್ಡಿಂಗ್ ಸೆಟ್ಟುಗಳಿವೆ ಎಂದು ಕೇಳಿದ್ದೇ ತಡ, ಪಂಚಮಿಯ ದಿನವೇ ಬಸ್ಸು ಹತ್ತಿದ. ಹೆಸರು, ಉದ್ದಿನ ಹೊಲಗಳ ಮೇಲೆ ಶ್ರಾವಣದ ಜಿಟಿಜಿಟಿ ಮಳೆ. ಬಸ್ಸು ತೂಗಿದಂತೆ ಅವನೂ ತೂಗುತ್ತ, ಸರುಬಾಯಿ ಇದೇ ಹೊತ್ತಿನಲ್ಲಿ ತವರಿನ ಬೇವಿನ ಮರಕ್ಕೆ ಕಟ್ಟಿದ ಪಂಚಮಿಯ ಜೋಕಾಲಿಯಲ್ಲಿ ಕೂತಿರುತ್ತಾಳೆ ಎಂದುಕೊಂಡ.

ಆದರೆ ಆ ದಿನ ಆರಿಸಿದ್ದೇ ತಪ್ಪಾಗಿತ್ತು. ಅಂಗಡಿಯಲ್ಲಿ ಬದ್ರುದ್ದೀನ್ ಉರಿ ತೋರಿಸಲು ಕಡ್ಡಿ ಗೀರಹೋದಾಗಲೇ ವೈಜಿನಾಥನಿಗೆ ಎಚ್ಚರವಾದದ್ದು.

"ಬ್ಯಾಡ ಬ್ಯಾಡ ಬದ್ರುಭಾಯ್! ಇವತ್ತ ಪಂಚಮಿ. ನಮ್ಮ ಮನ್ಯಾಗ ಒಲಿ ಮ್ಯಾಲ ಹಂಚು ಸುದ್ದಾ ಇಡಂಗಿಲ್ಲ. ಕಬ್ಬಿಣಕ್ಕ ಬೆಂಕಿ ತೋರಸಬಾರ್ದು."

"ಅರೇ ಉಸ್ತಾದ್, ಬೆಂಕಿ ಹಚ್ಚದೇ ವೆಲ್ಡಿಂಗ್ ಸೆಟ್ ಹ್ಯಾಂಗ ನೋಡ್ತಿ? ಹುಡುಗಿ ಮುಖ ನೋಡದೇ ಮದಿವಿ ಆದಂಗ ಆಯ್ತಲ್ಲ!"

"ನಂದು ಹಂಗೇ ಆಗಿದ್ದು. ಚಲೋನೇ ಆಯ್ತು" ಎಂದ ವೈಜಿನಾಥ.

ಬದ್ರುದ್ದೀನ್ ನಕ್ಕು ಉರಿಯಿಲ್ಲದೆಯೇ ತೋರಿಸಿದ. ಒಂದು ಹೊಸದು, ಒಂದು ಹಳೆಯದು, ಎರಡೂ ಕೊಡದಷ್ಟು ದೊಡ್ಡ ಡಬ್ಬಿಗಳು. ಒಳಗೆ ಕಾರ್ಬೈಡ್ ಎಂಬ ಬೂದಿ ಬಣ್ಣದ ಕಲ್ಲು ಹಾಕಬೇಕು. ಅದರ ಮೇಲೆ ನೀರು ಬಿದ್ದರೆ ಗ್ಯಾಸು ಏಳುತ್ತದೆ. ಬಸ್ಸಿನ ಮಡ್‌ಗಾರ್ಡು, ಸೈಕಲ್ಲಿನ ಫ್ರೇಮು, ಮನೆಯ ತೂತು ಬಿದ್ದ ಬಕೆಟ್ಟು, ಎಲ್ಲಕ್ಕೂ ಸೈ. ಹೊಸದರಲ್ಲಿ ನೀರು ತಾನಾಗಿಯೇ ಬೀಳುತ್ತಿತ್ತು, ಒಬ್ಬನೇ ಕೂತು ಕೆಲಸ ಮಾಡಬಹುದಿತ್ತು. ಹಳೆಯದಕ್ಕೆ ಮೇಲೊಂದು ಸಣ್ಣ ನಳ. ಉರಿ ಹಿಡಿದವನು ಕೇಳಿದಂತೆಲ್ಲ ಇನ್ನೊಬ್ಬರು ಕೂತು ಅದನ್ನು ಹನಿಹನಿಯಾಗಿ ತಿರುಗಿಸಬೇಕು.

"ಕಣ್ಣು ಮುಚ್ಚಿ ಹೊಸಾದು ಒಯ್ಯಿ" ಎಂದ ಬದ್ರುದ್ದೀನ್. ಅವನ ಮಾತು ನ್ಯಾಯವೇ ಆಗಿತ್ತು.

ವೈಜಿನಾಥ ಹೊಸದರ ಪಕ್ಕ ಕುಕ್ಕುರುಗಾಲಲ್ಲಿ ಕೂತು, ಡಬ್ಬಿಗೆ ಜೋಡಿಸಿದ್ದ ಉರಿಯಿಲ್ಲದ ಪೈಪನ್ನು ಕೈಯಲ್ಲಿ ಹಿಡಿದು ನಿಜವಾಗಿಯೂ ಕಣ್ಣು ಮುಚ್ಚಿದ. ಹೊರಗೆ ತಗಡಿನ ಮೇಲೆ ಮಳೆ. ಕಣ್ಣೊಳಗೆ ನೀಲಿ ಉರಿ ಎದ್ದಿತು, ಒಡೆದ ಕಬ್ಬಿಣ ನೀರಾಗಿ ಒಂದಾಯಿತು, ಜೋಡಣೆ ಕೂಡಿತು.

"ಸಾಕು ಸರೂ, ನಿಂದರಸು" ಎಂದ ಜೋರಾಗಿ, ತಿದಿ ನಿಲ್ಲಿಸಲು ಹೇಳುತ್ತಿದ್ದ ರೂಢಿಯಲ್ಲಿ.

ಕಣ್ಣು ತೆರೆದರೆ ಎಡಗಡೆ ಬರೀ ಎಣ್ಣೆ ಹತ್ತಿದ ನೆಲ. ಕೆಮ್ಮು ಹೋಗಲಿ ಎಂದು ಮಷಿನ್ನು ತರಲು ಹೊರಟವನು, ಅವಳ ಜಾಗವನ್ನೇ ತೆಗೆದುಹಾಕುವ ಮಷಿನ್ನು ಒಯ್ಯುತ್ತಿದ್ದ. ಆಕೆ ಯಾವ ಕೆಲಸಕ್ಕೆ ತಿರುಗಿ ಬಂದಾಳು?

"ಹಳೇದು ಕಟ್ರಿ" ಎಂದ.

"ತಲಿ ಕೆಟ್ಟದೇನು? ಅದಕ್ಕ ಇಬ್ಬರು ಬೇಕು!"

"ಹೌದ್ರಿ. ಇಬ್ಬರು ಬೇಕು."

ಸಂಜೆಗೆ ಡಬ್ಬಿ ಹೊತ್ತು ಘಾಟಬೋರಾಳ ಮುಟ್ಟಿದ. ಜೋಕಾಲಿಯಿಂದ ಹುಡುಗಿಯರು ಇಳಿದು ಹೋಗಿ ಸರುಬಾಯಿಯೊಬ್ಬಳೇ ಕೂತಿದ್ದಳು. ಮಾಣಿಕಪ್ಪ ಹುಬ್ಬು ಗಂಟಿಕ್ಕಿ ಅಡ್ಡ ನಿಂತ. ವೈಜಿನಾಥ ಅವನನ್ನು ದಾಟಿ ಡಬ್ಬಿಯನ್ನು ಹೆಂಡತಿಯ ಮುಂದೆ ಇಳಿಸಿದ. ಕುಳ ಬಡಿಯುವ ಕೆಲಸವನ್ನೂ ತಿದಿಯನ್ನೂ ಕಾಕಾನ ಮಗನಿಗೆ ಕೊಡುತ್ತೇನೆ, ಇನ್ನು ಅಂಗಳದ ಗಾಳಿಯಲ್ಲಿ ಕೂತು ಬಸ್ಸು, ಸೈಕಲ್ಲು ಬೆಸೆಯುವುದು ಎಂದು ತೊದಲುತ್ತ ಹೇಳಿದ.

ಸರುಬಾಯಿ ಡಬ್ಬಿಯನ್ನು ಸುತ್ತಿ ನೋಡಿದಳು. "ಹೊಗಿ?"

"ಇಲ್ಲ."

"ವಾಸನಿ?"

"ಅದ. ಬಳ್ಳೊಳ್ಳಿ ವಾಸನಿ ಬರ್ತದ."

"ಮತ್ತ ನನಗೇನ್ ಕೆಲಸ?"

ವೈಜಿನಾಥ ಬೆರಳು ತೋರಿಸಿದ. ಅವಳು ನಳವನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು.

"ಇದು ನಾ ಬಿಟ್ಟಷ್ಟೇ ಉರೀತದೇನು?"

"ನೀ ಬಿಟ್ಟಷ್ಟೇ."

"ಹಂಗಾದ್ರ ಸರಿ. ನೀವೊಬ್ಬರೇ ಕುಂತ್ರ ಕನಸಿನಾಗ ಸರಕಾರದ ಬಸ್ಸೆಲ್ಲ ಕರಗಸಿಬಿಡ್ತೀರಿ" ಎಂದು ತಮ್ಮನ ಕಡೆ ತಿರುಗಿದಳು. "ಮಾಣಿಕಾ, ಮುಂಜಾನಿ ಗಾಡಿ ಕಟ್ಟಪ್ಪ."

ಸೊಂಟದಲ್ಲಿದ್ದ ಅರಿವೆಯನ್ನು ತೆಗೆದು ನಳಕ್ಕೆ ಸುತ್ತತೊಡಗಿದಳು.